ಮೆಮೊರಿ ಕಾರ್ಡಿನಿಂದ ಹಳೆಯ ಎಕ್ಸ್‌ಪಿ ಬೂಟ್ ಆಗುತ್ತದೆಯೇ?

ಪ್ರಶ್ನೆ: ಬೈಲಹೊಂಗಲದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಎಲ್ಲಮ್ಮನ ಗುಡ್ಡದ ಜಾತ್ರೆಯ ಹ್ಯಾಂಡ್‌ಬಿಲ್, ಕಿತ್ತೂರು ಉತ್ಸವದ ಹೊತ್ತಿಗೆ ಶುಭಾಶಯ ಪತ್ರ, ರಾಮದುರ್ಗದ ಸೀರೆ ಅಂಗಡಿಗಳ ಬಿಲ್ ಪುಸ್ತಕ, ಎಲ್ಲವೂ ತಂದೆಯವರ ಕಾಲದ ಪೆಂಟಿಯಂ 4 ಕಂಪ್ಯೂಟರಿನಲ್ಲೇ ತಯಾರಾಗುತ್ತವೆ. ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಇವೆ. ಅದರ 40 ಜಿಬಿ ಹಾರ್ಡ್‌ಡಿಸ್ಕ್ ಇತ್ತೀಚೆಗೆ ಟಕ್ ಟಕ್ ಎಂದು ಸದ್ದು ಮಾಡುತ್ತಿದೆ, ಸಿಡಿ ಡ್ರೈವ್ ಕೆಟ್ಟು ವರ್ಷವಾಯಿತು. ಗೆಳೆಯರ ಕಂಪ್ಯೂಟರಿನಲ್ಲಿ ನಮ್ಮ ಎಕ್ಸ್‌ಪಿ ಸಿಡಿಯ ಫೈಲುಗಳನ್ನೆಲ್ಲ 16 ಜಿಬಿ ಮೆಮೊರಿ ಕಾರ್ಡಿಗೆ ಕಾಪಿ ಮಾಡಿ, ಯುಎಸ್‌ಬಿ ಕಾರ್ಡ್ ರೀಡರಿನಲ್ಲಿ ಹಾಕಿ ಚಾಲೂ ಮಾಡಿದೆ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಗೆರೆ ಮಿಣುಕುತ್ತ ನಿಂತಿತು, ಮುಂದೆ ಹೋಗಲಿಲ್ಲ. ಸಿಡಿಯಲ್ಲಿದ್ದದ್ದೆಲ್ಲ ಕಾರ್ಡಿನಲ್ಲೂ ಇದೆಯಲ್ಲ, ಆದರೂ ಯಾಕೆ ಬೂಟ್ ಆಗುವುದಿಲ್ಲ? ಕಾರ್ಡಿನಲ್ಲೇ ಎಕ್ಸ್‌ಪಿ ಇಟ್ಟುಕೊಂಡು ಅಂಗಡಿ ನಡೆಸಬಹುದೇ?

ಉತ್ತರ: ಫೈಲುಗಳೆಲ್ಲ ಇದ್ದ ಮೇಲೆ ಬೂಟ್ ಆಗಲೇಬೇಕು ಎಂದು ನಿಮಗೆ ಅನಿಸಿದ್ದು ಸಹಜವೇ. ಚುಟುಕಾಗಿ ಹೇಳುವುದಾದರೆ, ಮೆಮೊರಿ ಕಾರ್ಡಿನ ಮೇಲೆ ಎಕ್ಸ್‌ಪಿ ನಡೆಯುತ್ತದೆ. ಆದರೆ ಕಾರ್ಡನ್ನು ಯುಎಸ್‌ಬಿಗೆ ಸಿಕ್ಕಿಸಿದರೆ ನಡೆಯುವುದಿಲ್ಲ, ಹಾರ್ಡ್‌ಡಿಸ್ಕಿನ ಜಾಗದಲ್ಲೇ ಕೂರಿಸಬೇಕು. ಯಾಕೆ ಎಂಬುದನ್ನು ಮೊದಲು ನೋಡೋಣ, ಹೇಗೆ ಎಂಬುದು ಆಮೇಲೆ ಸುಲಭವಾಗುತ್ತದೆ.

ಬೂಟ್ ಆಗುವುದು ಎಂದರೆ ಏನು?

ಕಂಪ್ಯೂಟರಿನ ಗುಂಡಿ ಒತ್ತಿದಾಗ ಅದಕ್ಕೆ ಫೈಲು, ಫೋಲ್ಡರು ಯಾವುದೂ ಗೊತ್ತಿರುವುದಿಲ್ಲ. ಮದರ್‌ಬೋರ್ಡಿನಲ್ಲಿರುವ ಬಯಾಸ್ ಎಂಬ ಪುಟ್ಟ ಪ್ರೋಗ್ರಾಂ ಎಚ್ಚರಗೊಂಡು ಡಿಸ್ಕಿನ ಮೊಟ್ಟಮೊದಲ ತುಣುಕನ್ನು ಮಾತ್ರ ಓದುತ್ತದೆ. ಆ ತುಣುಕಿಗೆ ಸೆಕ್ಟರ್ ಎನ್ನುತ್ತಾರೆ, ಅದರ ಅಳತೆ 512 ಬೈಟ್. ಇದರಲ್ಲಿ ಮೊದಲ 446 ಬೈಟ್ ಪ್ರಾರಂಭಿಕ ಪ್ರೋಗ್ರಾಮಿಗೆ ಮೀಸಲು. ನಂತರದ 64 ಬೈಟುಗಳಲ್ಲಿ ಡಿಸ್ಕನ್ನು ಎಷ್ಟು ಭಾಗ ಮಾಡಲಾಗಿದೆ, ಯಾವ ಭಾಗದಿಂದ ಶುರು ಮಾಡಬೇಕು ಎಂಬ ಪಟ್ಟಿ ಇರುತ್ತದೆ. ಕೊನೆಯ 2 ಬೈಟ್ ಒಂದು ಗುರುತಿನ ಮುದ್ರೆ.

ಬಸ್ ಸ್ಟ್ಯಾಂಡಿನಲ್ಲಿ ಸವದತ್ತಿಗೆ ಹೋಗುವವರು ಬಸ್ಸಿನ ಒಳಗೆ ಏನಿದೆ ಎಂದು ನೋಡುವುದಿಲ್ಲ, ಮುಂದಿನ ಬೋರ್ಡು ನೋಡಿ ಹತ್ತುತ್ತಾರೆ. ಬಯಾಸ್ ಕೂಡ ಹಾಗೆಯೇ. ನೀವು ಫೈಲುಗಳನ್ನು ಕಾಪಿ ಮಾಡಿದಾಗ ಅವು ಕಾರ್ಡಿನ ಒಳಗೆ ಹೋಗಿ ಕೂತವು, ಮೊದಲ ಸೆಕ್ಟರ್ ಮಾತ್ರ ಮುಂಚೆ ಹೇಗಿತ್ತೋ ಹಾಗೆಯೇ ಉಳಿಯಿತು. ಕಾಪಿ ಮತ್ತು ಪೇಸ್ಟ್ ಅದನ್ನು ಮುಟ್ಟುವುದೇ ಇಲ್ಲ. ಸಿಡಿಯಲ್ಲೂ ಬೂಟ್ ಆಗುವ ಭಾಗ ಪ್ರತ್ಯೇಕವಾಗಿ ಇರುತ್ತದೆ, ಫೈಲುಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಅದು ನಿಮ್ಮ ಕಾಪಿಯಲ್ಲಿ ಬರಲಿಲ್ಲ.

ಎಲ್ಲಿ ನಿಂತಿತು ಎಂದು ಪರದೆಯೇ ಹೇಳುತ್ತದೆ

ಬೂಟ್ ಆಗುವುದು ಮೂರು ಹಂತದ ಕೆಲಸ. ಒಂದು ಹಂತ ಮುಂದಿನದಕ್ಕೆ ಕೆಲಸ ಒಪ್ಪಿಸಿ ಸರಿಯುತ್ತದೆ. ಎಲ್ಲಿ ಕೊಂಡಿ ಕಳಚಿತು ಎಂಬುದನ್ನು ಪರದೆ ನೋಡಿ ತಿಳಿಯಬಹುದು.

ಒಂದು: ಬರಿಯ ಗೆರೆ ಮಿಣುಕುತ್ತ ನಿಂತರೆ, ಮೊದಲ ಸೆಕ್ಟರಿನಲ್ಲಿ ಕೆಲಸಕ್ಕೆ ಬರುವ ಪ್ರೋಗ್ರಾಂ ಇಲ್ಲವೆಂದೇ ಸಾಮಾನ್ಯವಾಗಿ ಅರ್ಥ. ನಿಮ್ಮ ಕಾರ್ಡು ನಿಂತಿರುವುದು ಇಲ್ಲೇ.

ಎರಡು: ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂದು ಬಂದರೆ ಮೊದಲ ಸೆಕ್ಟರ್ ಸರಿಯಾಗಿದೆ, ಅದು ಹುಡುಕಿದ ಮುಂದಿನ ಫೈಲು ಸಿಗಲಿಲ್ಲ ಎಂದರ್ಥ. ಎಕ್ಸ್‌ಪಿಯನ್ನು ಎಬ್ಬಿಸುವ ಫೈಲಿನ ಹೆಸರು ಎನ್‌ಟಿಎಲ್‌ಡಿಆರ್. ವಿಸ್ತಾ ಮತ್ತು ವಿಂಡೋಸ್ 7ರಿಂದ ಈಚೆಗೆ ಆ ಕೆಲಸ ಬೂಟ್‌ಎಂಜಿಆರ್ ಎಂಬ ಫೈಲಿನದು. ಹೊಸ ಲ್ಯಾಪ್‌ಟಾಪಿನಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡು ಬೂಟ್‌ಎಂಜಿಆರ್ ಹುಡುಕುತ್ತದೆ, ಎಕ್ಸ್‌ಪಿ ಸಿಡಿಯಲ್ಲಿ ಆ ಹೆಸರಿನ ಫೈಲೇ ಇಲ್ಲ. ಅನೇಕರು ತಡವರಿಸುವುದು ಈ ಜಾಗದಲ್ಲಿ.

ಮೂರು: ವಿಂಡೋಸ್ ಲಾಂಛನ ಕಂಡು, ತಕ್ಷಣ ನೀಲಿ ಪರದೆ ಬಂದು, 7ಬಿ ಎಂದು ಕೊನೆಯಾಗುವ ಸಂಖ್ಯೆ ಕಂಡರೆ, ಎಕ್ಸ್‌ಪಿ ಎದ್ದಿದೆ, ಆದರೆ ತಾನಿರುವ ಡಿಸ್ಕ್ ಅದಕ್ಕೆ ಕಾಣುತ್ತಿಲ್ಲ.

ಈ ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ ಇರುವುದು ಇದರಲ್ಲೇ. ಶುರುವಿನಲ್ಲಿ ಡಿಸ್ಕನ್ನು ಓದಿಕೊಡುವುದು ಬಯಾಸ್. ಎಕ್ಸ್‌ಪಿ ಎದ್ದ ಮೇಲೆ ಬಯಾಸನ್ನು ಬದಿಗಿಟ್ಟು ತನ್ನದೇ ಡ್ರೈವರುಗಳಿಂದ ಡಿಸ್ಕ್ ಓದುತ್ತದೆ. ಎಕ್ಸ್‌ಪಿ ಬಂದದ್ದು 2001ರಲ್ಲಿ. ಯುಎಸ್‌ಬಿಯಿಂದ ತಾನು ನಡೆಯಬೇಕಾದೀತು ಎಂಬ ಎಣಿಕೆ ಅದನ್ನು ರೂಪಿಸಿದವರಿಗೆ ಇರಲಿಲ್ಲ. ಹಾಗಾಗಿ ಅದರ ಯುಎಸ್‌ಬಿ ಡ್ರೈವರುಗಳು ತಡವಾಗಿ ಏಳುತ್ತವೆ. ಬಯಾಸ್ ಕೈಬಿಟ್ಟಿರುತ್ತದೆ, ಯುಎಸ್‌ಬಿ ಡ್ರೈವರ್ ಇನ್ನೂ ಕೈಹಿಡಿದಿರುವುದಿಲ್ಲ. ಆ ನಡುವಿನ ಕ್ಷಣದಲ್ಲಿ ನೀಲಿ ಪರದೆ ಬರುತ್ತದೆ. ಡಾಸ್ ಎಂಬ ಹಳೆಯ ಕಾರ್ಯವ್ಯವಸ್ಥೆ ಹಾಗಲ್ಲ, ಅದು ಕೊನೆಯವರೆಗೂ ಬಯಾಸ್ ಮೂಲಕವೇ ಡಿಸ್ಕ್ ಓದುತ್ತದೆ. ಎಕ್ಸ್‌ಪಿಗಿಂತ ಬಹಳ ಹಳೆಯದಾದ ಡಾಸ್ ಯುಎಸ್‌ಬಿ ಕಾರ್ಡಿನಿಂದ ಸಲೀಸಾಗಿ ಏಳುವುದಕ್ಕೂ ಎಕ್ಸ್‌ಪಿ ಎಡವುವುದಕ್ಕೂ ಕಾರಣ ಇದೇ.

ಒಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳಿ

‘ಬೂಟ್ ಆಗುವ ಕಾರ್ಡು’ ಎಂದಾಗ ಜನ ಎರಡು ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿರುತ್ತಾರೆ. ಒಂದು, ಎಕ್ಸ್‌ಪಿಯನ್ನು ಬೇರೆ ಡಿಸ್ಕಿಗೆ ಹಾಕಿಕೊಡುವ ಕಾರ್ಡು, ಅಂದರೆ ಸಿಡಿಯ ಬದಲಿ. ಇನ್ನೊಂದು, ಎಕ್ಸ್‌ಪಿ ತಾನೇ ವಾಸವಾಗಿರುವ ಕಾರ್ಡು, ಅಂದರೆ ಹಾರ್ಡ್‌ಡಿಸ್ಕಿನ ಬದಲಿ. ನೀವು ಕಾಪಿ ಮಾಡಿದ್ದು ಮೊದಲನೆಯದನ್ನು, ನಿಮಗೆ ಬೇಕಾಗಿರುವುದು ಎರಡನೆಯದು. ಇವೆರಡರ ದಾರಿ ಬೇರೆ ಬೇರೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು

ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಅದರ ದಿನಗಳು ಮುಗಿಯುತ್ತ ಬಂದಿವೆ ಎಂದು ತಿಳಿಯಿರಿ. ಬೂಟ್ ಮಾಡುವ ಪ್ರಯೋಗ ಇವತ್ತಿಗೆ ಬೇಡ. ಮೊದಲು ನಿಮ್ಮ ಕೆಲಸದ ಫೈಲುಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ, ಅಲ್ಲಿಂದ ನಿಮಗೆ ಸಿಗುವ ಬೇರೊಂದು ಲ್ಯಾಪ್‌ಟಾಪಿಗೆ ಇನ್ನೊಂದು ಪ್ರತಿ ಮಾಡಿ.

ಈ ಕಾಪಿಯಲ್ಲಿ ಬಹಳ ಮಂದಿ ಬಿಟ್ಟುಬಿಡುವುದು ಫಾಂಟುಗಳನ್ನು. ಪೇಜ್‌ಮೇಕರಿನ ಫೈಲಿನೊಳಗೆ ಫಾಂಟ್ ಇರುವುದಿಲ್ಲ, ಅದರ ಹೆಸರು ಮಾತ್ರ ಇರುತ್ತದೆ. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಕೂರಿಸಿವೆ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದ ತೆರೆದು ನೋಡಿ. ‘ಕ’ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ಎ, ‘ನ’ ಇರಬೇಕಾದ ಕಡೆ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣುತ್ತದೆ. ಫೈಲು ಕೆಟ್ಟಿರುವುದಿಲ್ಲ, ಫಾಂಟ್ ಇಲ್ಲ ಅಷ್ಟೇ. ಆದ್ದರಿಂದ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟ್ಸ್ ಫೋಲ್ಡರನ್ನು ಪೂರ್ತಿಯಾಗಿ ಎತ್ತಿಟ್ಟುಕೊಳ್ಳಿ. ಪೇಜ್‌ಮೇಕರ್ ಮತ್ತು ನುಡಿಯ ಸಿಡಿ ಅಥವಾ ಸೆಟಪ್ ಫೈಲುಗಳು, ಸೀರಿಯಲ್ ನಂಬರುಗಳು, ಪ್ರಿಂಟರಿನ ಡ್ರೈವರ್ ಇವನ್ನೂ ಒಂದೆಡೆ ಸೇರಿಸಿ.

ನಿಮ್ಮ ಅಂಗಡಿಗೆ ತಕ್ಕ ದಾರಿ

ನಿಮ್ಮ ಪೆಂಟಿಯಂ 4ರ 40 ಜಿಬಿ ಡಿಸ್ಕ್ ಐಡಿಇ ಜಾತಿಯದಾಗಿರುವ ಸಂಭವವೇ ಹೆಚ್ಚು. ಅಗಲವಾದ ಪಟ್ಟಿಯಂಥ ಕೇಬಲ್ ಮತ್ತು 40 ಪಿನ್ನಿನ ಜಾಗ ಇದ್ದರೆ ಐಡಿಇ ಎಂದು ಖಚಿತ. ಇದೇ ಕೇಬಲ್ಲಿಗೆ ಮೆಮೊರಿ ಕಾರ್ಡನ್ನು ಜೋಡಿಸುವ ಅಡಾಪ್ಟರುಗಳು ಸಿಗುತ್ತವೆ. ಕಾಂಪ್ಯಾಕ್ಟ್‌ಫ್ಲಾಶ್ ಎಂಬ ಕಾರ್ಡು 1994ರಲ್ಲಿ ಬಂದಾಗಿನಿಂದಲೂ ಐಡಿಇ ಭಾಷೆಯನ್ನೇ ಆಡಬಲ್ಲದು, ಅದಕ್ಕೆ ಬೇಕಾದದ್ದು ಪಿನ್ನುಗಳನ್ನು ಹೊಂದಿಸುವ ಸರಳ ಅಡಾಪ್ಟರ್ ಮಾತ್ರ. ಕ್ಯಾಮೆರಾ, ಮೊಬೈಲುಗಳಲ್ಲಿ ನಾವು ಬಳಸುವ ಎಸ್‌ಡಿ ಕಾರ್ಡಿಗೆ ಆ ಭಾಷೆ ಬಾರದು. ಅದಕ್ಕೆ ನಡುವೆ ಅನುವಾದ ಮಾಡುವ ಚಿಪ್ ಇರುವ ಎಸ್‌ಡಿ-ಐಡಿಇ ಅಡಾಪ್ಟರ್ ಬೇಕು. ಎರಡರಲ್ಲಿ ಯಾವುದಾದರೂ ಸರಿ, ಕಾರ್ಡು ಐಡಿಇ ಕೇಬಲ್ಲಿನಲ್ಲಿ ಕೂತರೆ ಎಕ್ಸ್‌ಪಿಗೆ ಅದು ಹಾರ್ಡ್‌ಡಿಸ್ಕಿನಂತೆಯೇ ಕಾಣುತ್ತದೆ. ಯುಎಸ್‌ಬಿಯ ತೊಡಕೇ ಏಳುವುದಿಲ್ಲ.

ಇದರ ಇನ್ನೊಂದು ಅನುಕೂಲವೆಂದರೆ ಎಕ್ಸ್‌ಪಿಯನ್ನು ಹೊಸದಾಗಿ ಹಾಕಬೇಕಾಗಿಲ್ಲ. ಹಳೆಯ ಡಿಸ್ಕಿನ ಅಚ್ಚು ನಕಲನ್ನು ಕಾರ್ಡಿಗೆ ಇಳಿಸಿದರೆ ಮೊದಲ ಸೆಕ್ಟರಿನಿಂದ ಹಿಡಿದು ನುಡಿಯ ಕೀಲಿಮಣೆಯವರೆಗೆ ಎಲ್ಲವೂ ಹಾಗೆಯೇ ಬರುತ್ತದೆ. ಹೀಗೆ ಮಾಡಿ:

1. ನಿಮ್ಮ 16 ಜಿಬಿ ಕಾರ್ಡು ಈ ಕೆಲಸಕ್ಕೆ ಸಾಲದು. 40 ಜಿಬಿ ಡಿಸ್ಕಿನ ನಕಲು ಹಿಡಿಯಲು 64 ಜಿಬಿ ಕಾರ್ಡು ತನ್ನಿ. ಸಿಸಿ ಕ್ಯಾಮೆರಾಗಳಿಗೆಂದು ಮಾರುವ, ಹೆಚ್ಚು ಬಾರಿ ಬರೆದರೂ ತಾಳುವ ಕಾರ್ಡಾದರೆ ಒಳ್ಳೆಯದು. ಅಡಾಪ್ಟರ್ ಕೊಳ್ಳುವಾಗ 64 ಜಿಬಿ ಕಾರ್ಡನ್ನು ಅದು ಒಪ್ಪುತ್ತದೆಯೇ ಎಂದು ಕೇಳಿ.

2. ಕಾರ್ಡಿನ ಮೇಲೆ ಬರೆದಷ್ಟು ಜಾಗ ನಿಜವಾಗಿ ಇದೆಯೇ ಪರೀಕ್ಷಿಸಿ. ಸುಳ್ಳು ಅಳತೆಯ ಅಗ್ಗದ ಕಾರ್ಡುಗಳು ಮಾರುಕಟ್ಟೆಯಲ್ಲಿವೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಪ್ರೋಗ್ರಾಂ ಕಾರ್ಡನ್ನು ಪೂರ್ತಿ ತುಂಬಿ, ಮತ್ತೆ ಓದಿ ನೋಡಿ ಹೇಳುತ್ತದೆ.

3. ಲ್ಯಾಪ್‌ಟಾಪಿನಲ್ಲಿ ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶದ 32-ಬಿಟ್ ಆವೃತ್ತಿಯನ್ನು ಇಳಿಸಿಕೊಂಡು, ರೂಫಸ್ ಎಂಬ ಪ್ರೋಗ್ರಾಮಿನಿಂದ ಒಂದು ಪೆನ್‌ಡ್ರೈವಿಗೆ ಬರೆಯಿರಿ. ನೀವು ಕೈಯಿಂದ ಮಾಡಲಾಗದ ಮೊದಲ ಸೆಕ್ಟರಿನ ಕೆಲಸವನ್ನು ರೂಫಸ್ ತಾನೇ ಮಾಡುತ್ತದೆ. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

4. ಹಳೆಯ ಕಂಪ್ಯೂಟರಿನ ಕರೆಂಟ್ ತೆಗೆದು, ಕಾರ್ಡು ಹಾಕಿದ ಅಡಾಪ್ಟರನ್ನು ಐಡಿಇ ಕೇಬಲ್ಲಿನ ಎರಡನೆಯ ಕೊಂಡಿಗೆ ಸೇರಿಸಿ. ಹಳೆಯ ಡಿಸ್ಕ್ ಮಾಸ್ಟರ್ ಆಗಿಯೂ ಕಾರ್ಡು ಸ್ಲೇವ್ ಆಗಿಯೂ ಇರುವಂತೆ ಚಿಕ್ಕ ಜಂಪರುಗಳನ್ನು ಹೊಂದಿಸಿ. ಕೆಟ್ಟ ಸಿಡಿ ಡ್ರೈವಿನ ಕೇಬಲ್ಲನ್ನೂ ಇದಕ್ಕೆ ಬಳಸಬಹುದು.

5. ಪೆನ್‌ಡ್ರೈವಿನಿಂದ ಚಾಲೂ ಮಾಡಿ. ಬಯಾಸಿನ ಬೂಟ್ ಪಟ್ಟಿಯಲ್ಲಿ ಯುಎಸ್‌ಬಿ-ಎಚ್‌ಡಿಡಿ ಎಂಬುದನ್ನು ಮೇಲಕ್ಕೆ ತರಬೇಕಾದೀತು. ಕ್ಲೋನ್‌ಜಿಲ್ಲಾದಲ್ಲಿ ಡಿಸ್ಕಿನಿಂದ ಡಿಸ್ಕಿಗೆ ಎಂಬ ಆಯ್ಕೆ ಹಿಡಿಯಿರಿ. ಮೊದಲು ಕೇಳುವುದು ಮೂಲ, ಆಮೇಲೆ ಗುರಿ. ಹೆಸರು ನೋಡಿ ಆರಿಸಬೇಡಿ, ಅಳತೆ ನೋಡಿ ಆರಿಸಿ: 40 ಮೂಲ, 64 ಗುರಿ. ಇಲ್ಲಿ ಅದಲುಬದಲಾದರೆ ಖಾಲಿ ಕಾರ್ಡಿನ ನಕಲು ನಿಮ್ಮ ಡಿಸ್ಕಿನ ಮೇಲೆ ಬೀಳುತ್ತದೆ.

6. ಡಿಸ್ಕಿನ ಕೆಟ್ಟ ಜಾಗದಲ್ಲಿ ಕೆಲಸ ನಿಂತರೆ, ಓದಲಾಗದ್ದನ್ನು ದಾಟಿ ಮುಂದುವರಿಯುವ ರೆಸ್ಕ್ಯೂ ಎಂಬ ಆಯ್ಕೆ ಪರಿಣತರ ಪಟ್ಟಿಯಲ್ಲಿದೆ. ಮತ್ತೆ ಮತ್ತೆ ಪ್ರಯತ್ನಿಸಿ ಡಿಸ್ಕನ್ನು ದಣಿಸಬೇಡಿ.

7. ಮುಗಿದ ಮೇಲೆ ಕರೆಂಟ್ ತೆಗೆದು, ಹಳೆಯ ಡಿಸ್ಕನ್ನು ಬಿಚ್ಚಿ, ಕಾರ್ಡನ್ನು ಅದರ ಜಾಗದಲ್ಲಿ ಮಾಸ್ಟರ್ ಮಾಡಿ ಚಾಲೂ ಮಾಡಿ. ಹಳೆಯ ಡಿಸ್ಕನ್ನು ಅಳಿಸದೆ ಒಂದು ಡಬ್ಬಿಯಲ್ಲಿ ಎತ್ತಿಡಿ.

ಕಾರ್ಡಿನಿಂದ ಓದುವುದು ಎಷ್ಟು ಬಾರಿಯಾದರೂ ಸರಿ, ಬರೆಯುವುದು ಹೆಚ್ಚಾದಂತೆ ಅದು ಸವೆಯುತ್ತದೆ. ರ‍್ಯಾಮ್ 1 ಜಿಬಿ ಇದ್ದರೆ ಎಕ್ಸ್‌ಪಿಯ ವರ್ಚುವಲ್ ಮೆಮೊರಿಯನ್ನು ಕಡಿಮೆ ಮಾಡಿ, ಹೈಬರ್ನೇಟ್ ನಿಲ್ಲಿಸಿ. ದಿನದ ಕೆಲಸದ ಫೈಲುಗಳನ್ನು ಸಂಜೆ ಪೆನ್‌ಡ್ರೈವಿಗೆ ಇಳಿಸುವ ರೂಢಿ ಮಾಡಿಕೊಳ್ಳಿ. ಕಾರ್ಡಿಗಿಂತ ಹೆಚ್ಚು ಬಾಳಿಕೆ ಬೇಕೆಂದರೆ ಐಡಿಇಯಿಂದ ಸಾಟಾಗೆ ಬದಲಿಸುವ ಅಡಾಪ್ಟರಿನೊಂದಿಗೆ ಚಿಕ್ಕ ಎಸ್‌ಎಸ್‌ಡಿ ಹಾಕಬಹುದು. ನಕಲಿನ ಕ್ರಮ ಮೇಲಿನದೇ.

ಡಿಸ್ಕ್ ಅಷ್ಟರಲ್ಲಿ ಪೂರ್ತಿ ನಿಂತುಬಿಟ್ಟರೆ?

ಆಗ ಐಡಿಇ ಅಡಾಪ್ಟರಿನಲ್ಲಿರುವ 64 ಜಿಬಿ ಕಾರ್ಡಿಗೆ ಎಕ್ಸ್‌ಪಿಯನ್ನು ಹೊಸದಾಗಿ ಹಾಕಬೇಕು, ಸಿಡಿಯ ಬದಲಿಯಾಗಿ ನಿಮ್ಮ 16 ಜಿಬಿ ಕಾರ್ಡು ಕೆಲಸಕ್ಕೆ ಬರುವುದು ಆಗಲೇ. ವಿನ್‌ಸೆಟಪ್‌ಫ್ರಮ್‌ಯುಎಸ್‌ಬಿ ಎಂಬ ಪ್ರೋಗ್ರಾಮನ್ನು ಲ್ಯಾಪ್‌ಟಾಪಿನಲ್ಲಿ ತೆರೆಯಿರಿ. ಮೇಲಿನ ಪಟ್ಟಿಯಲ್ಲಿ ಕಾರ್ಡನ್ನು ಆರಿಸಿ, ತಾನಾಗಿ ಫಾರ್ಮ್ಯಾಟ್ ಮಾಡುವ ಆಯ್ಕೆಗೆ ಗುರುತು ಹಾಕಿ. ವಿಂಡೋಸ್ 2000, ಎಕ್ಸ್‌ಪಿ, 2003 ಎಂದಿರುವ ಸಾಲಿನಲ್ಲಿ ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡ ನಿಮ್ಮ ಸಿಡಿಯ ಫೈಲುಗಳಿರುವ ಫೋಲ್ಡರನ್ನು ತೋರಿಸಿ. ಅದರೊಳಗೆ ಐ386 ಎಂಬ ಫೋಲ್ಡರ್ ಇರಬೇಕು. ಈ ಪ್ರೋಗ್ರಾಂ ಬಯಾಸ್ ಓದಬಲ್ಲ ಮೊದಲ ಸೆಕ್ಟರನ್ನೂ ಮುಂದಿನ ಫೈಲುಗಳನ್ನೂ ಹೊಂದಿಸಿಕೊಡುತ್ತದೆ. ಹಳೆಯ ಯಂತ್ರವನ್ನು ಕಾರ್ಡಿನಿಂದ ಎರಡು ಸಲ ಎಬ್ಬಿಸಬೇಕು: ಮೊದಲ ಸಲ ನೀಲಿ ಪರದೆಯ ಅಕ್ಷರರೂಪದ ಸೆಟಪ್, ಎರಡನೆಯ ಸಲ ಚಿತ್ರರೂಪದ ಸೆಟಪ್. ಎರಡನೆಯ ಸಲ ಕಾರ್ಡನ್ನು ಮೊದಲೇ ತೆಗೆದುಬಿಟ್ಟು ‘ಅರ್ಧಕ್ಕೆ ನಿಂತಿತು’ ಎನ್ನುವವರು ಹಲವರು. ನಿಮ್ಮದೇ ಮೂಲ ಸಿಡಿ ಮತ್ತು ಅದರ ಕೀಲಿ ಸಂಖ್ಯೆಯನ್ನು ಬಳಸಿ. ಎಲ್ಲೋ ಸಿಕ್ಕ ಎಕ್ಸ್‌ಪಿಯಲ್ಲಿ ಏನೇನು ಸೇರಿದೆಯೋ ಹೇಳಲಾಗದು.

ಎಸ್‌ಡಿ ಕಾರ್ಡುಗಳ ಬಗ್ಗೆ ಇನ್ನೊಂದು ಮಾತು. ಮೊದಲ ಕಾಲದ ಎಸ್‌ಡಿ ಕಾರ್ಡುಗಳ ಮಿತಿ 2 ಜಿಬಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ ಹೋಯಿತು, ಅದಕ್ಕೂ ದೊಡ್ಡವು ಎಸ್‌ಡಿಎಕ್ಸ್‌ಸಿ. ತೀರಾ ಹಳೆಯ ಕಾರ್ಡ್ ರೀಡರಿಗೆ ನಿಮ್ಮ 16 ಜಿಬಿ ಕಾರ್ಡು ಕಾಣದೇ ಹೋಗಬಹುದು. ಆಗ ಕೆಟ್ಟಿರುವುದು ಕಾರ್ಡಲ್ಲ, ರೀಡರನ್ನು ಬದಲಿಸಿ.

ಡಾಸ್ ಬೇಕಾದವರಿಗೆ

ಅಡತಿ ಅಂಗಡಿಗಳಲ್ಲಿ ಡಾಸ್ ಕಾಲದ ಲೆಕ್ಕದ ಪ್ರೋಗ್ರಾಮನ್ನು ಇಟ್ಟುಕೊಂಡವರಿಗೆ ದಾರಿ ಇನ್ನೂ ಸುಲಭ. ರೂಫಸ್ ತೆರೆದು ಕಾರ್ಡನ್ನು ಆರಿಸಿ, ಬೂಟ್ ಆಯ್ಕೆಯಲ್ಲಿ ಫ್ರೀಡಾಸ್, ವಿಭಾಗದ ಕ್ರಮದಲ್ಲಿ ಎಂಬಿಆರ್, ಫೈಲ್ ಸಿಸ್ಟಮಿನಲ್ಲಿ ಫ್ಯಾಟ್32 ಎಂದಿಟ್ಟು ಸ್ಟಾರ್ಟ್ ಒತ್ತಿದರೆ ಸಾಕು. ಫ್ರೀಡಾಸ್ 1994ರಲ್ಲಿ ಶುರುವಾದ ಉಚಿತ ಡಾಸ್, ಹಳೆಯ ಪ್ರೋಗ್ರಾಮುಗಳಲ್ಲಿ ಹೆಚ್ಚಿನವು ಅದರಲ್ಲಿ ನಡೆಯುತ್ತವೆ. ಬಯಾಸ್ ಬದಲಿಗೆ ಯುಇಎಫ್‌ಐ ಮಾತ್ರ ಇರುವ ಹೊಸ ಲ್ಯಾಪ್‌ಟಾಪುಗಳಲ್ಲಿ ಡಾಸೂ ಏಳುವುದಿಲ್ಲ, ಎಕ್ಸ್‌ಪಿಯೂ ಏಳುವುದಿಲ್ಲ. ಸೆಟ್ಟಿಂಗಿನಲ್ಲಿ ಲೆಗಸಿ ಅಥವಾ ಸಿಎಸ್‌ಎಂ ಎಂಬ ಆಯ್ಕೆ ಇದ್ದರೆ ಮಾತ್ರ ಪ್ರಯತ್ನಿಸಿ.

ಕೊನೆಯದಾಗಿ

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸುರಕ್ಷತೆಯ ತಿದ್ದುಪಡಿಗಳು 2014ರ ಏಪ್ರಿಲ್ 8ಕ್ಕೆ ನಿಂತವು. ಆದ್ದರಿಂದ ಈ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡಬೇಡಿ. ಗಿರಾಕಿಗಳು ತರುವ ಪೆನ್‌ಡ್ರೈವನ್ನು ಮೊದಲು ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿ, ಆಮೇಲೆ ಇದಕ್ಕೆ ಹಾಕಿ. ಪೇಜ್‌ಮೇಕರಿನ ಕೊನೆಯ ಪ್ರಮುಖ ಆವೃತ್ತಿಯೂ 2001ರದೇ. ಕಾರ್ಡು ಅಂಗಡಿಗೆ ಇನ್ನಷ್ಟು ವರ್ಷ ಕೊಡುತ್ತದೆ, ಆ ವರ್ಷಗಳಲ್ಲಿ ಮೇಲಿಂದ ಮೇಲೆ ಬೇಕಾಗುವ ಫೈಲುಗಳನ್ನು ಒಂದೊಂದಾಗಿ ಯೂನಿಕೋಡಿಗೆ ಬದಲಿಸಿಕೊಳ್ಳಿ. ನುಡಿಯ ಹಳೆಯ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿದರೆ ಮುಂದೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅದು ಕನ್ನಡವಾಗಿಯೇ ಕಾಣುತ್ತದೆ.

ಫೈಲು ಮತ್ತು ಫಾಂಟುಗಳ ಎರಡು ಪ್ರತಿ ಮಾಡಿಕೊಂಡ ಮೇಲೆಯೇ ಕಂಪ್ಯೂಟರಿನ ಮುಚ್ಚಳ ಬಿಚ್ಚಿ. ನಡುವೆ ಎಲ್ಲಾದರೂ ನಿಂತರೆ ಪರದೆಯ ಮೇಲೆ ಬಂದ ಸಾಲನ್ನು ಇದ್ದ ಹಾಗೇ ಬರೆದು ಕಳಿಸಿ. ಆ ಒಂದು ಸಾಲಿನಿಂದ ಮುಂದಿನ ಹೆಜ್ಜೆ ಹೇಳಬಹುದು.